ಡಬ್ಬಿ ಮೇಲೆ ಮಂಗಳಮ್ಮನ ಕಣ್ಣು

ಚಾಮರಾಜಪುರಂನಲ್ಲಿ ಮಂಗಳಮ್ಮ ಕಾಲೇಜು ಹುಡುಗರಿಗೆ ಊಟ ಹಾಕಲು ಶುರುಮಾಡಿ ಹದಿನೆಂಟು ವರ್ಷವಾಗಿತ್ತು. ಕೆಳಗೆ ಮೆಸ್ಸು, ಮಹಡಿಯಲ್ಲಿ ಬಾಡಿಗೆಗೆ ನಾಲ್ಕು ರೂಮು. ಯಾರಿಗೆ ಎಷ್ಟು ಮುದ್ದೆ ಬೇಕು, ಯಾರು ಸೊಪ್ಪನ್ನು ತಟ್ಟೆಯಂಚಿಗೆ ತಳ್ಳುತ್ತಾರೆ ಎಂಬುದೆಲ್ಲ ಬಾಯಿಪಾಠ. ಹಾಗಾಗಿ, ಬಿ.ಕಾಂ. ಓದುವ ಲಿಖಿತ್ ಮುದ್ದೆ ಮುಟ್ಟದೆ, ಹತ್ತು ಮೊಟ್ಟೆಯ ಬಿಳಿಯಷ್ಟೇ ತಿಂದು ಹಳದಿಯನ್ನೆಲ್ಲ ತಟ್ಟೆಯಲ್ಲಿ ಬಿಟ್ಟೆದ್ದ ದಿನ ಆಕೆಗೆ ಏನೋ ಸರಿಯಿಲ್ಲ ಅನ್ನಿಸಿತು.

ಲಿಖಿತ್ ಜಿಮ್‌ಗೆ ಸೇರಿ ಮೂರು ತಿಂಗಳು. ಅಷ್ಟರಲ್ಲೇ ಅಂಗಿಯ ತೋಳು ಬಿಗಿಯಾಗಿತ್ತು. ಮಾತೆತ್ತಿದರೆ ರೇಗುತ್ತಿದ್ದ. ಅವನ ರೂಮು ಗುಡಿಸಲು ಹೋದಾಗ ಮಂಗಳಮ್ಮನಿಗೆ ಲೇಬಲ್ ಇಲ್ಲದ ದೊಡ್ಡ ಡಬ್ಬಿ ಕಂಡಿತು. ಒಳಗೆ ಬಿಳಿ ಪುಡಿ.

“ಏನಪ್ಪ ಅದು?”

“ಪ್ರೋಟೀನ್ ಆಂಟಿ. ಜಿಮ್ ಮಾಸ್ಟರ್ ಕೊಟ್ಟಿದ್ದು.”

“ಲೇಬಲ್ಲು?”

“ಬಿದ್ದೋಗಿರ್ಬೇಕು, ಬುಡಿ.”

ತಾನಾಗಿ ಬಿದ್ದ ಲೇಬಲ್ಲು ಅಂಟಿನ ಕಲೆಯನ್ನೂ ತೊಳೆದುಕೊಂಡು ಹೋಗುತ್ತದೆಯೇ? ಮಂಗಳಮ್ಮನಿಗೆ ಬೇರೇನೇನೋ ಹೊಳೆಯಿತು. ಒಂದು ಚಮಚ ಪುಡಿಯನ್ನು ಪೇಪರಿನಲ್ಲಿ ಕಟ್ಟಿ ಮೆಡಿಕಲ್ ಶಾಪಿನ ರುದ್ರಸ್ವಾಮಿಗೆ ತೋರಿಸಿದರು.

“ಬರೀ ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ ಕಣಮ್ಮ,” ಎಂದ ಅವನು.

ಸುದ್ದಿ ಲಿಖಿತನಿಗೆ ಮುಟ್ಟಿತು. ಊಟದ ಹೊತ್ತಿನಲ್ಲಿ, ಎಲ್ಲರೆದುರು, “ನನ್ ರೂಮಲ್ಲಿ ಕಳ್ಳತನ ಮಾಡ್ತೀರಾ?” ಎಂದು ಕೂಗಾಡಿದ. ಮರುದಿನದಿಂದ ಮಹಡಿಯ ನಾಲ್ಕು ರೂಮಿಗೂ ಬೀಗ. ಈಗ ಹುಡುಗರೇ ಆಕೆಯನ್ನು ಓರೆಗಣ್ಣಲ್ಲಿ ನೋಡತೊಡಗಿದರು.

ಆದರೂ ಲಿಖಿತ್ ಸಂಜೆಯ ಹಾಲು ಮಾತ್ರ ಬಿಡಲಿಲ್ಲ. ಹಾಲಿನ ಜೊತೆ ಒಂದು ಮಾತ್ರೆ. ತನಗೆ ಮರೆತುಹೋಗುತ್ತದೆಂದು ಆ ಸೀಸೆಯನ್ನು ಮೊದಲೇ ಆಕೆಯ ಅಡುಗೆಮನೆಯಲ್ಲಿ ಇಟ್ಟಿದ್ದ. ಸೀಸೆಯ ಮೇಲೆ ಅಚ್ಚುಕಟ್ಟಾಗಿ ‘ವಿಟಮಿನ್’ ಎಂದು ಅಚ್ಚಾಗಿತ್ತು. ಮಾತಿಲ್ಲದಿದ್ದರೂ ಮಂಗಳಮ್ಮ ದಿನವೂ ತಪ್ಪದೆ ಕೊಟ್ಟರು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಅವನ ಕಾಲು ಶೂಗೆ ಹಿಡಿಸಲಿಲ್ಲ. ಕಣ್ಣು ಹಳದಿಯಾಗಿತ್ತು. ಮಂಗಳಮ್ಮ ಆಟೋ ಕರೆದು ಆಸ್ಪತ್ರೆಗೆ ಸೇರಿಸಿದರು. ಏನೇನು ತಿನ್ನುತ್ತಾನೆಂದು ಡಾಕ್ಟರು ಕೇಳಿದಾಗ ಲಿಖಿತನಿಂದ ಬೀಗದ ಕೈ ಇಸಿದುಕೊಂಡು ಮನೆಗೆ ಓಡಿಬಂದು ಡಬ್ಬಿ, ಸೀಸೆ ಎರಡನ್ನೂ ಒಯ್ದುಕೊಟ್ಟರು.

ವಾರದ ಮೇಲೆ ಡಾಕ್ಟರು ಕರೆಸಿದರು. “ಡಬ್ಬಿಯಲ್ಲಿರೋದು ಬರೀ ಹಾಲಿನ ಪುಡಿ, ಸಕ್ಕರೆ. ಮಾತ್ರೆಯಲ್ಲಿ ಸ್ಟೆರಾಯ್ಡ್ ಇದೆ, ಲಿವರ್ ಕೆಟ್ಟಿದೆ. ಇದನ್ನ ಯಾರಮ್ಮ ಕೊಡ್ತಿದ್ರು?”

“ನಾನೇ,” ಎಂದರು ಮಂಗಳಮ್ಮ.

“ಅದೂ ಮಾಸ್ಟರೇ ಕೊಟ್ಟಿದ್ದು ಆಂಟಿ, ನಿಮ್ಗೇನ್ ಗೊತ್ತಿತ್ತು,” ಎಂದು ಲಿಖಿತ್ ಹಾಸಿಗೆಯಿಂದಲೇ ಹೇಳಿದ. ಮಾರನೆಯ ದಿನ ಮಂಗಳಮ್ಮ ಜಿಮ್ಮಿಗೆ ಹೋದರು. ಮಾಸ್ಟರು, “ನಾನು ಕೊಟ್ಟಿದ್ದಕ್ಕೆ ಸಾಕ್ಷಿ ಎಲ್ಲಿದೆ?” ಎಂದ. ಆಕೆ ಪೊಲೀಸ್ ಠಾಣೆಗೆ ಹೋಗಿ, ದಿನಾ ಮಾತ್ರೆ ಕೈಗಿಟ್ಟವಳು ನಾನೇ ಎಂಬುದನ್ನೂ ಸೇರಿಸಿ ದೂರು ಬರೆಸಿ ಸಹಿ ಹಾಕಿದರು. ಅದಾದ ಮೇಲೆ ಮೆಸ್ಸಿನ ಇಬ್ಬರು ಹುಡುಗರು, ತಾವೂ ಅದನ್ನೇ ನುಂಗುತ್ತಿದ್ದೆವೆಂದು ಠಾಣೆಗೆ ಹೋಗಿ ಹೇಳಿದರು. ಮಾಸ್ಟರ ಮೇಲೆ ಕೇಸಾಯಿತು.

ಲಿಖಿತ್ ಸುಧಾರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಸದ್ಯಕ್ಕೆ ನಡಿಗೆ ಮಾತ್ರ, ಭಾರ ಎತ್ತುವಂತಿಲ್ಲ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಅವನ ಹತ್ತು ಹೆಜ್ಜೆ ಹಿಂದೆ ಮಂಗಳಮ್ಮನೂ ಇರುತ್ತಾರೆ.

“ನಾನೇನ್ ಜಿಮ್ಮಿಗೆ ಓಡೋಗಲ್ಲ. ನೀವು ಮನೆಗೋಗಿ ಆಂಟಿ.”

“ನೀನ್ ನಡಿ ಮುಂದೆ,” ಎನ್ನುತ್ತಾರೆ ಆಕೆ, ಸೆರಗು ಸಿಕ್ಕಿಸಿಕೊಳ್ಳುತ್ತ.