ಮನೆಯೊಳಗಿನ ಮಗ್ಗ

ಸ್ವಂತ ಮನೆ, ಸ್ವಂತ ಮಗ್ಗ, ನಾನು ಯಾರ ಕೈಕೆಳಗೂ ದುಡಿಯುವವನಲ್ಲ ಎಂದು ಬನಹಟ್ಟಿಯ ಮಲಕಾಜಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. ಕೊನೆಗೆ ಕೈಕೊಟ್ಟದ್ದು ಆ ಎದೆಯೇ. ಪಡಸಾಲೆಯಲ್ಲಿ ಪಾವರ್‌ಲೂಮ್, ಅದರಾಚೆಗೆ ಒಲೆ, ಹಾಸಿಗೆ. ಗಾಳಿ ಬಡಿದರೆ ನೂಲು ಒಣಗಿ ಎಳೆ ಹರಿಯುತ್ತದೆಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಹತ್ತಿಯ ಧೂಳು ಹೋಗುವುದಾದರೂ ಎಲ್ಲಿಗೆ? ಊಟದ ತಾಟಿನ ಮೇಲೆ ಕೂತು ಉಳಿದದ್ದು ಮೂಗಿಗೆ ಹೋಗುತ್ತಿತ್ತು. ಕೆಲಸ ಮುಗಿದ ಮೇಲೆ ಒಂದು ತುಣುಕು ಬೆಲ್ಲ ಬಾಯಿಗೆ ಹಾಕಿಕೊಂಡರೆ ಧೂಳೆಲ್ಲ ಹೊಟ್ಟೆಗಿಳಿದು ಹೋಗುತ್ತದೆಂದು ಓಣಿಯವರೆಲ್ಲ ನಂಬಿದ್ದರು. ಇವನೂ ನಂಬಿದ. ಉಸಿರು ಸಿಳ್ಳೆ ಹಾಕತೊಡಗಿದ ಮೇಲೂ ವರ್ಷಗಟ್ಟಲೆ ಬೆಲ್ಲವನ್ನೇ ತಿಂದ.

ಜಮಖಂಡಿಯ ಡಾಕ್ಟರು ಬಾಯಿಗಿಟ್ಟು ಉಸಿರೆಳೆಯುವ ಪಂಪೊಂದನ್ನು ಕೈಗೆ ಕೊಟ್ಟು, "ದಮ್ಮ ಐತಿ. ಮಗ್ಗ ಬಿಡ್ರಿ," ಅಂದರು.

"ಬಿಟ್ಟು ಉಣ್ಣೂದೇನ್ರಿ?" ಎಂದ ಮಲಕಾಜಪ್ಪ. ಅದಕ್ಕೆ ಅವರ ಬಳಿ ಔಷಧವಿರಲಿಲ್ಲ.

"ನೀವ್ ಹೊರಗ ಕುಂದರ್ರಿ, ನಾ ನಡಸ್ತೀನಿ," ಅಂದಳು ಮನೆಗೆ ಬಂದ ಮೇಲೆ ಹೆಂಡತಿ ಶೇವಂತಿ. ಮದುವೆಯಾದಾಗಿನಿಂದ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಬಂದವಳಿಗೆ ಮಗ್ಗ ಹೊಸದೇನಲ್ಲ. ಮಲಕಾಜಪ್ಪ ಮನೆ ಮುಂದಿನ ಕಟ್ಟೆಯ ಮೇಲೆ ಕೂತ. ಬೇಸಿಗೆ ಕಳೆಯುವುದರೊಳಗೆ ಉಸಿರು ಹಗುರಾಯಿತು. ಹೆಂಡತಿಯ ದುಡಿಮೆಯಲ್ಲಿ ಕೂತು ಉಣ್ಣಲು ನಾಚಿಕೆಯಾಗುತ್ತಿತ್ತು, ಖರೆ. ಆದರೂ ಎದೆತುಂಬ ಉಸಿರೆಳೆಯುವ ಸುಖವನ್ನು ಬಿಡಲು ಮನಸ್ಸು ಬರಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಮಗ್ಗ ನಿಂತಿತು. ಎಳೆ ಹರಿದಿರಬೇಕು ಅಂದುಕೊಂಡ. ತುಸು ಹೊತ್ತಿಗೆ ಶುರುವಾಗಿ ಮತ್ತೆ ನಿಂತಿತು. ಒಳಗೆ ಹೋದರೆ ಶೇವಂತಿ ಕಂಬ ಹಿಡಿದು ನಿಂತಿದ್ದಳು. ಭುಜಗಳು ಏರಿಳಿಯುತ್ತಿದ್ದವು, ದವಡೆಯಲ್ಲಿ ಬೆಲ್ಲವಿತ್ತು.

"ಎಳಿ ಹರದಿತ್ತರಿ," ಅಂದಳು.

ಮಗ್ಗದ ಮೇಲೆ ಒಂದೆಳೆಯೂ ಹರಿದಿರಲಿಲ್ಲ.

"ಎಂದಿನಿಂದ ಹಿಂಗ ಆಗಾಕತ್ತೈತಿ?"

"ಯುಗಾದಿಯಿಂದ. ಹೇಳಿದ್ರ ನೀವು ಮತ್ತ ಮಗ್ಗಕ್ಕ ನಿಂದರತಿದ್ರಿ."

ಅವನಿಗೆ ಅಳು ಬಂತು. ಹೋಗಿ ಜಗಳ ತೆಗೆಯೋಣವೆಂದರೆ ಮಾಲೀಕನೂ ತಾನೇ. ತನ್ನ ಪಂಪನ್ನೇ ಅವಳ ಬಾಯಿಗೆ ಹಿಡಿದ. ಆಮೇಲೆ ರಟ್ಟೆ ಹಿಡಿದು ಕರೆತಂದು ಕಟ್ಟೆಯ ಮೇಲೆ ಕೂರಿಸಿದ.

"ಒಳಗ ಹೋಗಬ್ಯಾಡ್ರಿ," ಎಂದು ಅಂಗಿ ಹಿಡಿದಳು.

"ನಿನ್ನ ಉಸರ ಸಮ ಆಗೂತನಕ ನಾ ನಿಲ್ತೀನಿ. ನಂಗ ದಮ್ಮ ಹತ್ತಿದಾಗ ನೀ ಬರೂವಂತಿ," ಅಂದ. ಬೇರೆ ದಾರಿ ಅವಳಿಗೂ ತೋಚಲಿಲ್ಲ. ಅಂಗಿ ಬಿಟ್ಟಳು.

ಮಗ್ಗದ ಸದ್ದಿನಲ್ಲಿ ಅವಳ ಉಸಿರು ಕೇಳುವಂತಿರಲಿಲ್ಲ. ನೇಯುತ್ತಲೇ ಬಾಗಿಲಾಚೆ ನೋಡುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಅವಳ ಭುಜಗಳು ಸುಮ್ಮನಾದವು. ಅಷ್ಟರಲ್ಲಿ ಇವನ ಎದೆ ಬಿಗಿಯತೊಡಗಿತ್ತು. ಅವನು ಕರೆಯಲಿಲ್ಲ. ಅವಳೇ ಎದ್ದು, ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು.