ಮಜ್ಜಿಗೆ ಕುಡಿದ ಬೇವು

ಎಂಬತ್ತರ ದಶಕದ ಮಾತು. ಮುಂಬಯಿಯ ಮಲಾಡಿನಲ್ಲಿ ನೆಲಮಹಡಿಯ ಮನೆ ಸಿಕ್ಕ ಹೊಸದರಲ್ಲಿ ಹಿತ್ತಲಿಗೊಂದು ಕರಿಬೇವಿನ ಸಸಿ ಬೇಕೆಂದು ಹೆಂಡತಿ ಹಟ ಹಿಡಿದಳು. ಲೋಕಲ್ ರೈಲಿನಲ್ಲಿ ನಿಂತೇ ಬಂದು ಸೋತಿದ್ದ ನಾನು ಬಿಲ್ಡಿಂಗಿನ ಮಾಲಿಗೆ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವನು ಸಸಿ ತಂದು ನೆಟ್ಟ. ಊರಿನ ಕ್ರಮದಂತೆ ಅದಕ್ಕೆ ವರ್ಷವಿಡೀ ಹುಳಿ ಮಜ್ಜಿಗೆ ಹೊಯ್ದೆವು. ಘಮ ಬರಲಿಲ್ಲ, ಬಲಿತ ಮೇಲೆ ಬಂದೀತು ಎಂದುಕೊಂಡೆವು. ಕೊನೆಗೆ ಒಂದು ಭಾನುವಾರ ಹೆಂಡತಿ ನಾಲ್ಕೆಲೆ ಕಿತ್ತು ಒಗ್ಗರಣೆಗೆ ಹಾಕಿದಳು. ಸಾರು ಬಾಯಿಗಿಡಲಾಗದಷ್ಟು ಕಹಿ.

ಮಾಲಿಯನ್ನು ಕರೆದು ರೇಗಿದೆ.

“ಸಾಹೇಬ್, ಕರಿಬೇವಿಗೆ ಕಢಿಲಿಂಬ ಅನ್ನಬೇಕು. ನೀವು ಕೇಳಿದ್ದು ಕಡುಲಿಂಬ. ಅದು ಬರೀ ಬೇವು.”

“ಆವತ್ತೇ ಕೇಳಬಾರದಿತ್ತೇನಯ್ಯಾ?”

“ಮೂರು ಸಲ ಕೇಳಿದೆ. ಮೂರು ಸಲವೂ ‘ಹೋ, ಹೋ’ ಅಂದಿರಿ. ಈಗ ಕಿತ್ತುಹಾಕಲಾ?”

ಮರಾಠಿಯಲ್ಲಿ ಹೋ ಅಂದರೆ ಹೌದು. ದಣಿದವನಿಗೆ ಅದಕ್ಕಿಂತ ಸುಲಭದ ಮಾತಿಲ್ಲ. ಆದರೆ ಮಜ್ಜಿಗೆ ಕುಡಿಸಿ ಸಾಕಿದ್ದನ್ನು ಕೀಳಿಸಲು ಮನಸ್ಸು ಬರಲಿಲ್ಲ.

ಈಗ ಯುಗಾದಿ ಬಂತೆಂದರೆ ಇಡೀ ಬಿಲ್ಡಿಂಗು ಬೇವಿಗೆ ನಮ್ಮ ಹಿತ್ತಲಿಗೇ ಬರುತ್ತದೆ. ಹಬ್ಬಕ್ಕೆಂದೇ ಬೆಳೆಸಿದ್ದಾ ಎಂದು ಯಾರಾದರೂ ಕೇಳಿದರೆ, “ಹೋ” ಅನ್ನುತ್ತೇನೆ.