ಸಾಹೇಬರ ದನಿ, ಅಕ್ಕನ ಕೊಡ

ನಾನು ಚಿಕ್ಕವನಿದ್ದಾಗ ನನ್ನ ಬಾಯಿಂದ ತಪ್ಪಿಸಿಕೊಂಡವರೇ ಬಾಗೇವಾಡಿ ಸೀಮೆಯಲ್ಲಿ ಇರಲಿಲ್ಲ. ಮಾಸ್ತರರ ಕೆಮ್ಮು, ಪೂಜಾರಿಯ ಆಕಳಿಕೆ, ಕೊನೆಗೆ ನನ್ನದೇ ಗೊರಕೆ, ಎಲ್ಲವನ್ನೂ ನಕಲು ಮಾಡಿ ತೋರಿಸುತ್ತಿದ್ದೆ. ಅದಕ್ಕೇ ಊರವರು ನನ್ನನ್ನು 'ನಕಲಿ' ಎಂದೇ ಕರೆಯುತ್ತಿದ್ದರು.

ಅಪ್ಪ ಇಂಗ್ಲಿಷರ ಕಾಲದ ಚಳವಳಿಯಲ್ಲಿ ಜೇಲು ಕಂಡವನು. ಪ್ರತಿ ಆಗಸ್ಟ್ ಹದಿನೈದಕ್ಕೆ ಊರವರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಚುರುಮುರಿ ತಿಂದು ಮರೆಯುತ್ತಿದ್ದರು. ಊರಲ್ಲಿ ಕುಡಿಯುವ ನೀರಿನ ಬಾವಿ ಇರಲಿಲ್ಲ. ದೂರದ ಹಳ್ಳದಿಂದ ನೀರು ಹೊರಲೆಂದೇ ಅಕ್ಕ ಶಾಲೆ ಬಿಟ್ಟಿದ್ದಳು. "ಬಾವಿ ಆದ್ರ ನಿನ್ನ ಮತ್ತ ಸಾಲಿಗೆ ಕಳಸ್ತೇನಿ" ಎಂದು ಅಪ್ಪ ಅವಳಿಗೆ ಮಾತು ಕೊಟ್ಟಿದ್ದ.

ಒಂದು ವರ್ಷ ಅವನು ಹಾರ ಬೇಡವೆಂದ. "ಅವಾಗ ಹಿಂಗ ಬೀದಿಗಿಳದು ಕೇಳಿದ್ವಿ. ಈಗೂ ಕೇಳೂಣು" ಎಂದು ನಮ್ಮ ಶಾಲೆಯ ಹುಡುಗರ ಪ್ರಭಾತಫೇರಿಗೆ ಹೊಸ ಘೋಷಣೆ ಕಲಿಸಿದ: "ಬಾವಿ ಬೇಕು!" ಮೊದಲು ಕೂಗುವವನು ನಾನು, ಹಿಂದಿನವರು ಅದನ್ನೇ ಕೂಗಬೇಕು. ಒದ್ದೆ ಎರೆಮಣ್ಣು ಅಂಗಾಲಿಗೆ ಮೆತ್ತುತ್ತಿತ್ತು. ಚುರುಮುರಿಯ ಒಗ್ಗರಣೆ ಘಮ್ಮೆನ್ನುತ್ತಿತ್ತು. ನನ್ನ ದೇಶಭಕ್ತಿಯೆಲ್ಲ ಅದರಲ್ಲೇ ಇತ್ತು.

ಧ್ವಜ ಏರಿಸಲು ತಾಲೂಕು ಕಚೇರಿಯಿಂದ ಬಂದಿದ್ದ ಸಾಹೇಬರ ಎದುರು ನಿಂತು ಅಪ್ಪ ಅರ್ಜಿ ಚಾಚಿದ. ಅವರು ಅದನ್ನು ತೆಗೆದುಕೊಳ್ಳಲು ಕೈ ಮುಂದೆ ಮಾಡಿ, ಮೂಗಿನಲ್ಲೇ "ಆತು, ನೋಡೂಣು..." ಎಂದರು. ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಮುಂದೆ ಚಾಚಿ, ಅದೇ ಮೂಗಿನಲ್ಲಿ "ಆತು, ನೋಡೂಣು!" ಎಂದು ಕೂಗಿದೆ. ಹಿಂದಿನ ಹುಡುಗರು ಅದೂ ಘೋಷಣೆಯೇ ಎಂದು ತಿಳಿದು ಒಕ್ಕೊರಲಿನಿಂದ ಕೂಗಿಬಿಟ್ಟರು. ಊರೆಲ್ಲ ನಕ್ಕಿತು.

ಸಾಹೇಬರ ಕೈ ಹಿಂದಕ್ಕೆ ಹೋಯಿತು. "ಇದೇನ್ ಅರ್ಜಿ ಏನ್ರಿ, ಬಯಲಾಟ ಏನ್ರಿ?" ಎಂದು ಗದರಿ ಧ್ವಜದ ಹಗ್ಗ ಹಿಡಿದರು. ಅರ್ಜಿ ಅಪ್ಪನ ಕೈಯಲ್ಲೇ ಉಳಿಯಿತು.

ಅಪ್ಪ ನನ್ನನ್ನು ಬೈಯಲಿಲ್ಲ. "ಇಂಗ್ಲಿಷರು ಜೇಲಿಗೆ ಹಾಕಿದ್ರು ಖರೆ. ಆದ್ರ ನಮ್ಮ ಕಾಗದಾ ಓದಿ ಹಾಕಿದ್ರು" ಎಂದಷ್ಟೇ ಹೇಳಿದ. ಅಕ್ಕ ಖಾಲಿ ಕೊಡ ಎತ್ತಿಕೊಂಡಳು. "ಏ ನಕಲಿ, ನಾಳೆ ಇದನ್ನ ಹೊತಗೊಂಡು ಆ ದನಿ ತಗಿ, ನೋಡೂಣು."

ಅವಳ ಆ ದನಿಯ ನಕಲು ನನಗೆ ಇಂದಿಗೂ ಬರುವುದಿಲ್ಲ. ಬಾವಿ ಬಂತು, ಅಕ್ಕ ಮದುವೆಯಾಗಿ ನಾಲತವಾಡಕ್ಕೆ ಹೋದ ಮೇಲೆ. ಅವಳು ಕೊನೆಯವರೆಗೂ ಹೆಬ್ಬೆಟ್ಟೇ ಒತ್ತಿದಳು.

ಮಕ್ಕಳೇ, ನಿಮಗೆ ಅಡುಗೆಮನೆಯಲ್ಲೇ ನಳ. ಹೋದ ಆಗಸ್ಟಿನಲ್ಲಿ ಬಿಳಿ ಟೋಪಿ ಹಾಕಿ, ನನ್ನ ಅಪ್ಪನ ವೇಷ ಕಟ್ಟಿ ಬಹುಮಾನ ತಂದಿರಿ. ಈ ನಕಲಿಯ ಮೊಮ್ಮಕ್ಕಳಲ್ಲವೇ! ಆದರೆ ನಿಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಇನ್ನೂ ನೀರಿಲ್ಲ. ಹೆಡ್‌ಮಾಸ್ತರರನ್ನು ಕೇಳಿದಿರಾ ಅಂದರೆ, "ನೋಡೂಣು ಅಂದಾರಜ್ಜಾ" ಅನ್ನುತ್ತೀರಿ.

ಆ ಮೂಗಿನ ದನಿ ನನಗೆ ಗೊತ್ತು. ಆ ಬಿಳಿ ಟೋಪಿ ಮತ್ತೆ ಹಾಕಿಕೊಳ್ಳಿ. ಅರ್ಜಿ ನಾನು ಬರೆದುಕೊಡುತ್ತೇನೆ. ಅವರು ಅದನ್ನು ಓದಿ ಮುಗಿಸುವವರೆಗೆ ಮಾತ್ರ ಯಾರೂ ನಗಬೇಡಿ.